ಕೇಶಿರಾಜನ ಜರ್ಮನ್ ಶಿಷ್ಯ: ಫರ್ಡಿನೆಂಡ್ ಕಿಟ್ಟೆಲ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ನಾನು ಹೆಚ್ಚು ಯೋಚಿಸದೆ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರ ಹೆಸರು ಹೇಳಿದೆ. ಕಿಟ್ಟೆಲ್ ಎಂದರೆ ನಿಘಂಟು ಎಂಬುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಆದರೆ ಬಹಳ ವರ್ಷ ಹೈಸ್ಕೂಲು ಮಕ್ಕಳಿಗೆ ಸಂಧಿ, ಸಮಾಸ, ವಿಭಕ್ತಿ ಹೇಳಿಕೊಟ್ಟ ನನಗೆ ಅವರು ಮೊದಲು ಕಾಣುವುದು ವ್ಯಾಕರಣದ ವಿದ್ಯಾರ್ಥಿಯಾಗಿ, ಆಮೇಲೆ ವ್ಯಾಕರಣದ ಮೇಷ್ಟರಾಗಿ. ನಮ್ಮ ಶಾಲೆಯಂಥ ಶಾಲೆಗಳಲ್ಲಿ ಒಂದು ಮಗು ಕನ್ನಡ, ಇಂಗ್ಲಿಷ್, ಹಿಂದಿ ಎಂಬ ಮೂರು ಭಾಷೆಗಳ ವ್ಯಾಕರಣವನ್ನು ಒಂದೇ ದಿನ, ಮೂರು ಪೀರಿಯಡ್ಡುಗಳಲ್ಲಿ ಕಲಿಯುತ್ತದೆ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಮಗುವಿಗೆ ಅದು ನಾಲ್ಕನೆಯದು. ಇಂಥ ಮಕ್ಕಳಿಗೂ ಅವರಿಗೆ ಕಲಿಸುವವರಿಗೂ ಕಿಟ್ಟೆಲ್ ಅವರ ಬದುಕಿನಲ್ಲಿ ಒಂದು ಪಾಠ ಇದೆ ಎಂಬುದು ನನ್ನ ನಂಬಿಕೆ.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಈಗಿನ ಜರ್ಮನಿಯ ವಾಯವ್ಯ ಮೂಲೆಯಲ್ಲಿರುವ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಸಮುದ್ರದ ಅಂಚಿನ ಆ ಸೀಮೆಯ ಜನ ಮನೆಯಲ್ಲಿ ಆಡುತ್ತಿದ್ದ ನುಡಿ ಪುಸ್ತಕದ ಜರ್ಮನ್ ಅಲ್ಲ. ಅದಕ್ಕೆ ಕೆಳ ಜರ್ಮನ್ ಎಂದು ಹೆಸರು. ನಮ್ಮ ಊರಿನ ಆಡುಮಾತಿಗೂ ಪಠ್ಯಪುಸ್ತಕದ ಕನ್ನಡಕ್ಕೂ ಇರುವ ಅಂತರಕ್ಕಿಂತ ಅಲ್ಲಿನ ಅಂತರ ದೊಡ್ಡದು. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಎಂಬ ಅನುಭವ ಆ ನಾಡಿನ ಮಕ್ಕಳಿಗೆ ಹೊಸದಲ್ಲ. ಶಾಲೆಯಲ್ಲಿ ಕಿಟ್ಟೆಲ್ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು, ಜೊತೆಗೆ ಇಂಗ್ಲಿಷ್ ಮತ್ತು ಫ್ರೆಂಚ್. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಶಾಲೆಗೆ ಸೇರಿ, ಮೂರು ವರ್ಷದ ತರಬೇತಿ ಮುಗಿಸಿ, 1853ರಲ್ಲಿ ನಮ್ಮ ನಾಡಿಗೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಅವರು ಬಂದದ್ದು ಧರ್ಮಪ್ರಚಾರಕ್ಕೆ. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಜನರೊಡನೆ ಮಾತಾಡಲು ಜನರ ಭಾಷೆ ಬೇಕಿತ್ತು, ಆದ್ದರಿಂದ ಕನ್ನಡ ಕಲಿತರು. ಮಿಷನ್ನಿನ ಎಷ್ಟೋ ಮಂದಿ ಹೀಗೆ ಕಲಿತಿದ್ದಾರೆ. ಆದರೆ ಕಿಟ್ಟೆಲ್ ಬೇಕಾದಷ್ಟು ಕಲಿತು ನಿಲ್ಲಿಸಲಿಲ್ಲ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಊರೂರಲ್ಲಿ ಕೆಲಸ ಮಾಡುತ್ತಾ ಅಲ್ಲಲ್ಲಿನ ಮಾತು, ಗಾದೆ, ಹಳ್ಳಿಯ ಪದ ಎಲ್ಲವನ್ನೂ ಕೂಡಿಸುತ್ತಾ ಹೋದರು. ಸ್ಥಳೀಯ ಪಂಡಿತರ ಬಳಿ ಕುಳಿತು ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿದರು. ತಾಳೆಗರಿಯ ಪ್ರತಿಗಳನ್ನು ಹುಡುಕಿ ಓದಿದರು. ಹೆರಡೆ ಮನೆಯ ಸುಖ ಅವರಿಗೆ ಹೆಚ್ಚು ದಿನ ದಕ್ಕಲಿಲ್ಲ. ಮೊದಲ ಪತ್ನಿ ಪೌಲಿನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ಸಹೋದರಿಯನ್ನೇ ಮದುವೆಯಾದರು. ಕೆಲಸ ಮಾತ್ರ ನಿಲ್ಲಲಿಲ್ಲ.

ಹೊಸ ಭಾಷೆ ಕಲಿಯುವವನ ಮುಂದೆ ಎರಡು ದಾರಿ ಇರುತ್ತವೆ. ತನಗೆ ಮೊದಲೇ ಗೊತ್ತಿರುವ ಭಾಷೆಯ ವ್ಯಾಕರಣವನ್ನು ಅಚ್ಚಿನಂತೆ ಇಟ್ಟುಕೊಂಡು ಹೊಸ ಭಾಷೆಯನ್ನು ಅದರೊಳಗೆ ತುಂಬುವುದು ಒಂದು. ಆ ಭಾಷೆಯವರೇ ತಮ್ಮ ನುಡಿಯನ್ನು ಹೇಗೆ ಕಂಡುಕೊಂಡಿದ್ದಾರೆ ಎಂದು ಕೇಳಿ ತಿಳಿಯುವುದು ಇನ್ನೊಂದು. ಕಿಟ್ಟೆಲ್ ಬರುವ ಹೊತ್ತಿಗೆ ವಿಲಿಯಂ ಕೇರಿ 1817ರಲ್ಲಿ ಅಚ್ಚು ಹಾಕಿಸಿದ್ದ ಕನ್ನಡ ವ್ಯಾಕರಣವಿತ್ತು, ಮೆಕೆರೆಲ್ ಅವರ 1820ರ ವ್ಯಾಕರಣವಿತ್ತು, ರೀವ್ ಅವರ ನಿಘಂಟಿತ್ತು. ಅವುಗಳಿಂದಲೇ ಕೆಲಸ ಸಾಗಿಸಬಹುದಿತ್ತು. ಕಿಟ್ಟೆಲ್ ಅಷ್ಟಕ್ಕೆ ನಿಲ್ಲದೆ ಆರು ನೂರು ವರ್ಷ ಹಿಂದಿನ ಗುರುವಿನ ಬಳಿಗೆ ಹೋದರು. ಆ ಗುರು ಕೇಶಿರಾಜ.

ಕೇಶಿರಾಜ 13ನೆಯ ಶತಮಾನದವನು. ಸೂಕ್ತಿಸುಧಾರ್ಣವ ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಕವಿ ಜನ್ನನ ಸೋದರಳಿಯ. ಅವನ ಶಬ್ದಮಣಿದರ್ಪಣ ಕನ್ನಡದ ವ್ಯಾಕರಣವನ್ನು ಕನ್ನಡದಲ್ಲೇ ಹೇಳುತ್ತದೆ. ಸೂತ್ರಗಳು ಕಂದಪದ್ಯದಲ್ಲಿವೆ, ವಿವರಣೆ ಗದ್ಯದಲ್ಲಿದೆ, ಉದಾಹರಣೆಗಳು ಹಿಂದಿನ ಕವಿಗಳಿಂದ ಬಂದವು. ಕನ್ನಡ ವ್ಯಾಕರಣ ಯಾವ ಯಾವ ಭಾಷೆಯಲ್ಲಿ ಬರೆಯಲ್ಪಟ್ಟಿದೆ ಎಂದು ನೋಡಿದರೆ ಸೋಜಿಗವಾಗುತ್ತದೆ. ನಾಗವರ್ಮ ಕರ್ಣಾಟಕ ಭಾಷಾಭೂಷಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ. ಭಟ್ಟಾಕಳಂಕ 1604ರಲ್ಲಿ ಮುಗಿಸಿದ ಶಬ್ದಾನುಶಾಸನದ 592 ಸೂತ್ರಗಳೂ ಸಂಸ್ಕೃತದಲ್ಲೇ ಇವೆ. ಇವರ ನಡುವೆ ಕೇಶಿರಾಜ ಕನ್ನಡದ ಮಾತನ್ನು ಕನ್ನಡಿಗರಿಗೆ ಕನ್ನಡದಲ್ಲೇ ಬಿಡಿಸಿ ತೋರಿಸಿದ. ಪರಿಭಾಷೆ ಸಂಸ್ಕೃತದ್ದಾದರೂ, ಸಂಸ್ಕೃತದಲ್ಲಿ ಇಲ್ಲದ ಕನ್ನಡದ ಗುಣ ಯಾವುದು ಎಂಬುದರ ಮೇಲೆ ಅವನ ಕಣ್ಣಿತ್ತು. ಈ ಶಬ್ದಮಣಿದರ್ಪಣವನ್ನು ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಮೂರು ವರ್ಷದ ನಂತರ, 1875ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನೂ ಹೊರತಂದರು.

ಕೇಶಿರಾಜನಿಂದ ಅವರಿಗೆ ಸಿಕ್ಕಿದ್ದೇನು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ೞ ಎಂಬ ಅಕ್ಷರ ಕನ್ನಡದಲ್ಲಿ ಬಳಕೆ ತಪ್ಪಿ ಳಕಾರದಲ್ಲಿ ಸೇರಿಹೋಯಿತು. ಎರಡೂ ಒಂದೇ ಆದವು. ಕೇಶಿರಾಜ ಯಾವ ಪದಗಳಲ್ಲಿ ೞ ಇತ್ತು ಎಂದು ಪಟ್ಟಿಮಾಡಿ ಇಟ್ಟಿದ್ದ. ತಮಿಳು, ಮಲಯಾಳದಲ್ಲಿ ಆ ಧ್ವನಿ ಇಂದಿಗೂ ಉಳಿದಿದೆ. ನಾವು ಕೋಳಿ, ಬಾಳೆ ಎಂದು ಹೇಳುವ ಕಡೆ ತಮಿಳರು ಇನ್ನೂ ೞಕಾರವನ್ನೇ ಉಚ್ಚರಿಸುತ್ತಾರೆ. ಕೇಶಿರಾಜನ ಪಟ್ಟಿಯನ್ನೂ ನೆರೆಯ ಭಾಷೆಗಳ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ. ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ ಹಳೆಯ ಱ, ೞ ಅಕ್ಷರಗಳನ್ನು ಗುರುತಿಸಿ ತೋರಿಸಿದರು. ಪದದ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳ, ತುಳು ರೂಪಗಳನ್ನು ಕೊಟ್ಟರು.

ಆ ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ನಡುವೆ ಒಮ್ಮೆ ತಾಯ್ನಾಡಿಗೆ ಹೋಗಿದ್ದವರು ಐವತ್ತು ದಾಟಿದ ಮೇಲೆ ಮತ್ತೆ ಹಡಗು ಹತ್ತಿ ಬಂದು ಈ ಕೆಲಸಕ್ಕಾಗಿಯೇ ಇಲ್ಲಿ ಉಳಿದರು. ಕಣ್ಣು ಸೋತಿತ್ತು. ಕೊನೆಗೆ 1892ರಲ್ಲಿ ಹಿಂದಿರುಗಿದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

ಬೇರೆಯವರಾಗಿದ್ದರೆ ಅಲ್ಲಿಗೆ ಲೇಖನಿ ಕೆಳಗಿಡುತ್ತಿದ್ದರು. ಕಿಟ್ಟೆಲ್ ಎಪ್ಪತ್ತರ ವಯಸ್ಸಿನಲ್ಲಿ ಕನ್ನಡ ವ್ಯಾಕರಣ ಬರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದ ಆ ಪುಸ್ತಕ 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ 18ರಂದು ಅವರು ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಮಾತೃಭಾಷೆ ಜರ್ಮನ್, ಬರೆದ ಭಾಷೆ ಇಂಗ್ಲಿಷ್, ವಿಷಯ ಕನ್ನಡ, ಆಧಾರ ಕೇಶಿರಾಜ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು ಅವರು ಪಾಠ ಹೇಳಿದರು. ಮನೆಯೊಳ್ ಎಂಬುದು ಮನೆಯೊಳು ಆಗಿ, ನಮ್ಮ ಬಾಯಲ್ಲಿ ಮನೆಯಲ್ಲಿ ಎಂದಾಗಿದೆ. ಪಾಲ್ ಹಾಲಾಗಿದೆ, ಪೋಗು ಹೋಗು ಆಗಿದೆ. ಹೀಗೆ ನೋಡಿದರೆ ಹಳಗನ್ನಡ ಬೇರೊಂದು ಭಾಷೆಯೆಂಬ ಭಯ ಹೋಗಿ, ಅದು ನಮ್ಮ ಅಜ್ಜನ ಅಜ್ಜ ಆಡಿದ ಮಾತು ಎಂದು ಗೊತ್ತಾಗುತ್ತದೆ.

ಕಿಟ್ಟೆಲ್ ಅವರ ಸ್ಥಾನದಲ್ಲಿ ನಿಂತು ಕನ್ನಡವನ್ನು ನೋಡುವುದು ಮೇಷ್ಟರುಗಳಿಗೆ ಒಳ್ಳೆಯ ಅಭ್ಯಾಸ. ಜರ್ಮನ್ ಭಾಷೆಯಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹುಡುಗಿ ಎಂಬ ಪದ ನಪುಂಸಕಲಿಂಗ! ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ ಭಾರ್ಯಾ ಸ್ತ್ರೀಲಿಂಗ, ದಾರಾ ಪುಲ್ಲಿಂಗ, ಕಳತ್ರ ನಪುಂಸಕಲಿಂಗ. ಈ ಎರಡು ಭಾಷೆ ಓದಿದವರಿಗೆ ಲಿಂಗವೆಂದರೆ ಪದಕ್ಕೆ ಅಂಟಿದ ಗುಣ. ಕನ್ನಡದಲ್ಲಿ ಲಿಂಗ ಬರುವುದು ಬಹುಮಟ್ಟಿಗೆ ಅರ್ಥದಿಂದ: ಗಂಡಸಿಗೆ ಬಂದನು, ಹೆಂಗಸಿಗೆ ಬಂದಳು, ದನಕರು ಕಲ್ಲು ಮರಗಳಿಗೆ ಬಂದಿತು. ನಮ್ಮ ಮಕ್ಕಳು ಹಿಂದಿ ಕಲಿಯುವಾಗ ರೋಟಿ ಯಾಕೆ ಸ್ತ್ರೀಲಿಂಗ, ಆಮ್ ಯಾಕೆ ಪುಲ್ಲಿಂಗ ಎಂದು ತಲೆ ಕೆರೆದುಕೊಳ್ಳುತ್ತಾರೆ. ಅವರ ಬುದ್ಧಿ ಮಂದವಲ್ಲ. ಅವರ ನುಡಿಯ ನಿಯಮ ಬೇರೆ, ಹಿಂದಿಯ ನಿಯಮ ಬೇರೆ. ಅಷ್ಟನ್ನು ಬಿಡಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಇನ್ನೊಂದು ನೋಡಿ. ನಿನ್ನೆ ಬಂದ ಹುಡುಗ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷ್, ಜರ್ಮನ್, ಹಿಂದಿ ಭಾಷೆಗಳು ಅಲ್ಲಿ ಯಾರು ಎಂದೋ ಯಾವನು ಎಂದೋ ಒಂದು ಸರ್ವನಾಮ ತಂದು ಜೋಡಿಸುತ್ತವೆ. ಕನ್ನಡಕ್ಕೆ ಬಂದ ಎಂಬ ಒಂದೇ ರೂಪ ಸಾಕು. ಬಾರೆನು ಎಂದರೆ ಇಲ್ಲ ಎಂಬ ಅರ್ಥ ಕ್ರಿಯಾಪದದ ಹೊಟ್ಟೆಯಲ್ಲೇ ಇದೆ, ಹೊರಗಿನಿಂದ ಬೇರೆ ಪದ ಬೇಡ. ನನಗೆ ಇಬ್ಬರು ಅಣ್ಣಂದಿರಿದ್ದಾರೆ ಎಂಬುದನ್ನು ಎಂಟನೆಯ ತರಗತಿಯ ಮಗು ಟು ಮಿ ಟೂ ಬ್ರದರ್ಸ್ ಆರ್ ಎಂದು ಬರೆಯುತ್ತದೆ. ಇಂಗ್ಲಿಷ್ ದೃಷ್ಟಿಯಿಂದ ಅದು ತಪ್ಪು, ಅಂಕ ಕಳೆಯಲೇಬೇಕು. ಆದರೆ ಆ ಮಗು ಕನ್ನಡದ ಚತುರ್ಥೀ ವಿಭಕ್ತಿಯ ನಿಯಮವನ್ನು ಎಷ್ಟು ಶಿಸ್ತಾಗಿ ಪಾಲಿಸಿದೆ ಎಂಬುದನ್ನೂ ನಾವು ಕಾಣಬೇಕು. ಕೆಂಪು ಗೆರೆ ಎಳೆಯುವ ಮುನ್ನ ಕನ್ನಡದಲ್ಲಿ ಇದ್ದಾರೆ ಎಂಬ ಕಡೆ ಇಂಗ್ಲಿಷಿನಲ್ಲಿ ಹ್ಯಾವ್ ಬರುತ್ತದೆ, ನನಗೆ ಎಂಬುದು ಐ ಆಗುತ್ತದೆ ಎಂದು ಎರಡು ವಾಕ್ಯಗಳನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು ತೋರಿಸಿದರೆ, ಆ ಮಗು ಮತ್ತೆ ತಪ್ಪು ಮಾಡುವುದು ಕಡಿಮೆ. ನಾನು ತರಗತಿಯಲ್ಲಿ ಹೀಗೆ ಮಾಡಿ ಫಲ ಕಂಡಿದ್ದೇನೆ.

ಕಿಟ್ಟೆಲ್ ಒಬ್ಬರೇ ಈ ದಾರಿಯಲ್ಲಿ ನಡೆದವರಲ್ಲ. ಅವರ ಮಿಷನ್ನಿನವರೇ ಆದ ಗುಂಡರ್ಟ್ ಮಲಯಾಳಕ್ಕೆ ವ್ಯಾಕರಣವನ್ನೂ 1872ರಲ್ಲಿ ನಿಘಂಟನ್ನೂ ಕೊಟ್ಟರು. ಅದೇ ವರ್ಷ ಬ್ರಿಗೆಲ್ ಅವರ ತುಳು ವ್ಯಾಕರಣ ಮಂಗಳೂರಿನಲ್ಲಿ ಹೊರಬಂತು. ಶಾಲೆಯಲ್ಲಿ ಕಲಿಸದ, ಮನೆಯಲ್ಲಿ ಮಾತ್ರ ಆಡುವ ಭಾಷೆಗೂ ಅಚ್ಚುಕಟ್ಟಾದ ವ್ಯಾಕರಣ ಇದೆ ಎಂಬುದು ಆ ಪುಸ್ತಕದಿಂದ ಜನರಿಗೆ ತಿಳಿಯಿತು. ನಮ್ಮ ಶಾಲೆಗೆ ಬರುವ ಲಂಬಾಣಿ ಮಗುವಿಗೂ ಈ ಮಾತು ಹೇಳಬೇಕು. ನಿನ್ನ ಮನೆಯ ಮಾತಿಗೂ ವಿಭಕ್ತಿ ಇದೆ, ಲಿಂಗ ಇದೆ, ಕಾಲ ಇದೆ. ನೀನು ಅದನ್ನು ಐದು ವರ್ಷಕ್ಕೇ ಕಲಿತು ಮುಗಿಸಿದ್ದೀಯೆ ಎಂದರೆ ಆ ಮಗು ತಲೆಯೆತ್ತಿ ಕೂರುತ್ತದೆ.

ಕಿಟ್ಟೆಲ್ ಅವರ ನಿಘಂಟನ್ನು ಪ್ರೊ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿದೆ. ನಿಘಂಟು ಹೀಗೆ ಮತ್ತೆ ಮತ್ತೆ ಅಚ್ಚಾಗಿ ಬೆಳೆದಿದೆ. ಅವರ ವ್ಯಾಕರಣವನ್ನು ಓದುವವರು ಕಡಿಮೆ. ಇರಲಿ. ಅವರು ಕಲಿತ ಕ್ರಮವನ್ನಾದರೂ ನಾವು ಇಟ್ಟುಕೊಳ್ಳಬಹುದು. ಇಪ್ಪತ್ತೊಂದರಲ್ಲಿ ಬೋಧಿಸಲು ಬಂದವರು ಮೊದಲು ಕಲಿಯಲು ಕುಳಿತರು. ತಮ್ಮ ಅಚ್ಚನ್ನು ಬದಿಗಿಟ್ಟು ಈ ನೆಲದ ಗುರುವನ್ನು ಹುಡುಕಿಕೊಂಡರು. ಐವತ್ತು ವರ್ಷ ಕಲಿತು ಕೊನೆಯ ವರ್ಷ ಪಾಠ ಒಪ್ಪಿಸಿದರು.

ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ನನ್ನದೊಂದು ಸಣ್ಣ ಕೋರಿಕೆ. ನಮ್ಮ ಶಾಲೆಯ ಕನ್ನಡ, ಇಂಗ್ಲಿಷ್, ಹಿಂದಿ ಶಿಕ್ಷಕರು ತಿಂಗಳಿಗೆ ಒಂದು ಪೀರಿಯಡ್ಡು ಒಟ್ಟಿಗೆ ಕುಳಿತು, ಒಂದೇ ವಾಕ್ಯವನ್ನು ಮೂರು ಭಾಷೆಗಳಲ್ಲಿ ಬರೆದು ಮಕ್ಕಳೆದುರು ಬಿಡಿಸಿ ತೋರಿಸಲಿ. ಹಳೆಯ ವಿದ್ಯಾರ್ಥಿಗಳು ಶಾಲೆಯ ಗ್ರಂಥಾಲಯಕ್ಕೆ ಕಿಟ್ಟೆಲ್ ನಿಘಂಟಿನ ಒಂದು ಪ್ರತಿ ಕೊಡಿಸಲಿ. ಅದನ್ನು ಬೀರುವಿನಲ್ಲಿ ಬೀಗ ಹಾಕಿ ಇಡದೆ ಮಕ್ಕಳ ಕೈಗೆ ಸಿಗುವಂತೆ ಮೇಜಿನ ಮೇಲೆ ಇಡಲಿ.