ಶಾಸನಗಳಿಗೆ ವಿಳಾಸ ಕೊಟ್ಟ ಬಿ.ಎಲ್. ರೈಸ್

ಕರಾಮ, ದುಬೈ: ಕಂಪ್ಯೂಟರಿನ ಕಮಾಂಡ್ ಲೈನಿನಲ್ಲಿ ಕಡತ ಹುಡುಕಲು ಕಲಿಯುವ ನಮ್ಮ ಮಕ್ಕಳು ಬೆಂಜಮಿನ್ ಲೂಯಿಸ್ ರೈಸ್ ಅವರ ಬಗ್ಗೆ ತಿಳಿಯಬೇಕು.

1837ರಲ್ಲಿ ಬೆಂಗಳೂರಿನ ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿದ ರೈಸ್, ಮೈಸೂರು ಸಂಸ್ಥಾನದಲ್ಲಿ ಶಿಕ್ಷಣಾಧಿಕಾರಿಯಾಗಿ, ಬಳಿಕ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ದುಡಿದರು. ಸಹಾಯಕರೊಂದಿಗೆ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ, ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಪ್ರಕಟಿಸಿದರು. ಸಂಪುಟಗಳು ಬಹುತೇಕ ಜಿಲ್ಲೆವಾರು; ಒಳಗೆ ತಾಲ್ಲೂಕು, ಅದರೊಳಗೆ ಸಂಖ್ಯೆ. ಫೋಲ್ಡರಿನೊಳಗೆ ಫೋಲ್ಡರು, ಕೊನೆಗೆ ಕಡತ ಇದ್ದಂತೆ. ಹಾಸನ, ಬೇಲೂರು, ಇಂತಿಷ್ಟನೇ ಸಂಖ್ಯೆ ಎಂದರೆ ಸಾಕು, ಶಾಸನ ಸಿಗುತ್ತದೆ.

ಬೆಂಗಳೂರು ಬೆಳೆದಂತೆ ಎಷ್ಟೋ ಶಾಸನದ ಕಲ್ಲುಗಳು ಕಾಣೆಯಾದವು. ಅವುಗಳ ಬರಹ ಮಾತ್ರ ಸಂಪುಟದಲ್ಲಿ ಭದ್ರವಾಗಿದೆ. 1927ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದ ರೈಸ್ ಅವರನ್ನು ಕನ್ನಡಿಗರು ಇಂದಿಗೂ ಶಾಸನ ಪಿತಾಮಹರೆಂದು ಸ್ಮರಿಸುತ್ತಾರೆ.