ಗಾಳಗಾರ ಐಸಾಕ್ ವಾಲ್ಟನ್

ರಾಜರ ಮತ್ತು ಸೇನಾಪತಿಗಳ ಚರಿತ್ರೆಗಳನ್ನು ಓದಿ ದಣಿದ ವಾಚಕ ಮಹಾಶಯರಿಗೆ ಇಂದು ಒಬ್ಬ ಬಟ್ಟೆಯಂಗಡಿಯವನ ಚರಿತ್ರೆಯನ್ನು ಅರಿಕೆ ಮಾಡಬಯಸುವೆವು. ಈತನು ರಾಜ್ಯವನ್ನು ಗೆದ್ದವನಲ್ಲ, ಶಾಸನವನ್ನು ರಚಿಸಿದವನಲ್ಲ. ಬಿಡುವಾದಾಗ ಗಾಳದ ಕೋಲನ್ನು ಹಿಡಿದು ಹೊಳೆಯ ದಡದಲ್ಲಿ ಕುಳಿತವನು. ಆದರೂ ಹೊಳೆಯ ದಡದಲ್ಲಿ ಕುಳಿತುಕೊಳ್ಳಲು ಸಾಮಾನ್ಯ ಮನುಷ್ಯನಿಗೆ ಹಕ್ಕುಂಟೇ ಎಂಬ ಪ್ರಶ್ನೆಯು ಎದ್ದ ಕಡೆಯಲ್ಲಿ ಈತನ ಹೆಸರು ಇಂದಿಗೂ ಕೇಳಿಬರುವುದುಂಟು.

ಐಸಾಕ್ ವಾಲ್ಟನನು 1593ನೆಯ ಇಸವಿಯಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್ ಎಂಬ ಊರಿನಲ್ಲಿ ಜನಿಸಿದನು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಬಾಲಕನಿಗೆ ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತುವ ಯೋಗವು ಕೂಡಿ ಬರಲಿಲ್ಲ. ಲಂಡನ್ನಿಗೆ ಬಂದು, ಬಟ್ಟೆಯ ವ್ಯಾಪಾರವನ್ನು ಕಲಿತು, 1618ರಲ್ಲಿ ಅಲ್ಲಿಯ ವರ್ತಕ ಸಂಘವೊಂದರ ಸದಸ್ಯನಾಗಿ, ಫ್ಲೀಟ್ ಬೀದಿಯಲ್ಲಿ ಅಂಗಡಿಯನ್ನಿಟ್ಟನು. ಸಮೀಪದ ಸೇಂಟ್ ಡನ್‌ಸ್ಟನ್ ಇಗರ್ಜಿಯ ಪಾದ್ರಿಯಾಗಿದ್ದ ಕವಿ ಜಾನ್ ಡನ್ನನ ಸ್ನೇಹವು ಈತನಿಗೆ ದೊರೆಯಿತು. ಡನ್ನನು ಕಾಲವಾದ ಮೇಲೆ ಆತನ ಜೀವನಚರಿತ್ರೆಯನ್ನು ಬರೆದು 1640ರಲ್ಲಿ ಪ್ರಕಟಿಸಿದನು. ಅಳತೆಗೋಲು ಹಿಡಿದ ಕೈಯು ಲೇಖನಿಯನ್ನು ಹಿಡಿದದ್ದು ಹೀಗೆ.

ಸಂಸಾರಸುಖವು ಈತನ ಪಾಲಿಗೆ ಅಲ್ಪವೇ ಆಗಿದ್ದಿತು. ಮೊದಲನೆಯ ಹೆಂಡತಿಯಲ್ಲಿ ಹುಟ್ಟಿದ ಏಳು ಮಕ್ಕಳೂ ಎಳೆಯ ವಯಸ್ಸಿನಲ್ಲಿಯೇ ತೀರಿಹೋದುವು; 1640ರಲ್ಲಿ ಆಕೆಯೂ ಗತಿಸಿದಳು. 1642ರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧವು ಹೊತ್ತಿಕೊಂಡಿತು. ವಾಲ್ಟನನು ಅರಸನ ಪಕ್ಷದವನು. ಆ ಪಕ್ಷವು ಸೋತು, 1649ರಲ್ಲಿ ಅರಸನ ಶಿರಚ್ಛೇದವೇ ಆಗಿಹೋಯಿತು.

ಇಂತಹ ದುಃಖಗಳನ್ನು ಕಂಡ ಮನುಷ್ಯನು ಅರುವತ್ತರ ಹೊಸ್ತಿಲಿನಲ್ಲಿ ಬರೆದ ಗ್ರಂಥದಲ್ಲಿ ದ್ವೇಷದ ಸುಳಿವೂ ಇಲ್ಲ. 1653ರಲ್ಲಿ ಒಂದೂವರೆ ಷಿಲಿಂಗ್ ಬೆಲೆಗೆ ಹೊರಬಿದ್ದ ‘ದಿ ಕಂಪ್ಲೀಟ್ ಆಂಗ್ಲರ್’ ಎಂಬ ಆ ಪುಸ್ತಕವು, ಲೀ ನದಿಯ ದಡವನ್ನು ಹಿಡಿದು ನಡೆಯುವ ಸಂಗಡಿಗರ ಸಂವಾದರೂಪದಲ್ಲಿದೆ. ಯಾವ ಮೀನಿಗೆ ಯಾವ ಎರೆ, ಹಿಡಿದ ಮೀನನ್ನು ಬೇಯಿಸುವ ಬಗೆ, ಮಳೆ ಬಂದಾಗ ಬೇಲಿಯ ಮರೆಯಲ್ಲಿ ನಿಂತು ಆಡುವ ಮಾತು, ಹಾಲು ಕರೆಯುವ ಹುಡುಗಿಯ ಹಾಡು—ಇವೆಲ್ಲವೂ ಅದರಲ್ಲಿ ಉಂಟು. ಈತನ ಜೀವಮಾನದಲ್ಲಿಯೇ ಅದು ಐದು ಸಲ ಅಚ್ಚಾಯಿತು.

ಅದು ಬರಿಯ ವಿನೋದದ ಗ್ರಂಥವೆಂದು ತಿಳಿಯಬಾರದು. ಮರಿಯಿಡುವ ತಿಂಗಳುಗಳಲ್ಲಿ ಮೀನನ್ನು ಹಿಡಿಯಕೂಡದೆಂದು ಇಂಗ್ಲೆಂಡಿನಲ್ಲಿ ಪುರಾತನ ಶಾಸನಗಳಿದ್ದರೂ ಅವುಗಳನ್ನು ನಡೆಯಿಸುವವರಿಲ್ಲವೆಂದೂ, ಸಣ್ಣ ಕಣ್ಣಿನ ಬಲೆಗಳಿಂದ ಮೀನಿನ ಸಂತತಿಯೇ ಹಾಳಾಗುತ್ತಿದೆಯೆಂದೂ ವಾಲ್ಟನನು ಅದರಲ್ಲಿ ದೂರಿರುವನು. ಗಾಳಗಾರನ ಸುಖಕ್ಕೆ ಗಾಳಗಾರನ ಕರ್ತವ್ಯವೂ ಜೊತೆಯಾಗಿರಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ಇಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸತಕ್ಕದ್ದು. ಇಂಗ್ಲೆಂಡಿನ ನ್ಯಾಯದ ಪ್ರಕಾರ ಸಮುದ್ರದ ಉಬ್ಬರವಿಳಿತವು ಮುಟ್ಟುವ ನೀರಿನಲ್ಲಿ ಸಾಮಾನ್ಯವಾಗಿ ಎಲ್ಲ ಪ್ರಜೆಗಳೂ ಮೀನು ಹಿಡಿಯಬಹುದು. ಅದಕ್ಕೆ ಮೇಲಣ ಹೊಳೆಗಳಲ್ಲಿ ಆ ಹಕ್ಕು ಸಾಧಾರಣವಾಗಿ ದಡದ ಭೂಮಿಯ ಒಡೆಯನದು. ವಾಲ್ಟನನ ವೃದ್ಧಾಪ್ಯದ ಸ್ನೇಹಿತನಾದ ಚಾರ್ಲ್ಸ್ ಕಾಟನ್ ಎಂಬ ಜಮೀನುದಾರನು ಡವ್ ನದಿಯ ದಡದಲ್ಲಿ 1674ರಲ್ಲಿ ಒಂದು ಪುಟ್ಟ ಮಂಟಪವನ್ನು ಕಟ್ಟಿಸಿ, ಇಬ್ಬರ ಹೆಸರಿನ ಮೊದಲಕ್ಷರಗಳನ್ನೂ ಹೆಣೆದು ಬಾಗಿಲ ಮೇಲೆ ಕೆತ್ತಿಸಿದನು. 1676ರ ಆವೃತ್ತಿಗೆ ಎರಡನೆಯ ಭಾಗವನ್ನೂ ಬರೆದುಕೊಟ್ಟನು. ಆದರೆ ಸಾಲದಲ್ಲಿ ಮುಳುಗಿದ ಕಾಟನನು 1681ರಲ್ಲಿ ಆ ಆಸ್ತಿಯನ್ನು ಮಾರಬೇಕಾಯಿತು. ವಾಲ್ಟನನು ಇನ್ನೂ ಬದುಕಿರುವಾಗಲೇ ದಡವು ಪರರ ಪಾಲಾಯಿತು. ಸ್ನೇಹದಿಂದ ತೆರೆದ ಬಾಗಿಲು ಸ್ನೇಹಿತನ ಒಡೆತನವಿರುವ ತನಕ ಮಾತ್ರ ತೆರೆದಿರುವುದು.

1683ನೆಯ ಡಿಸೆಂಬರ್ 15ರಂದು, ತೊಂಬತ್ತು ವರ್ಷಗಳ ವಯಸ್ಸಿನಲ್ಲಿ, ವಿಂಚೆಸ್ಟರಿನಲ್ಲಿ ವಾಲ್ಟನನು ದೇಹವನ್ನು ಬಿಟ್ಟನು. ಬಡ ಹುಡುಗರಿಗೆ ಕಸುಬು ಕಲಿಸುವುದಕ್ಕೂ ಚಳಿಗಾಲದಲ್ಲಿ ಬಡವರ ಉರುವಲಿಗೂ ಹುಟ್ಟೂರಿನವರಿಗೆ ನೆರವಾಗುವಂತೆ ತನ್ನ ಉಯಿಲಿನಲ್ಲಿ ಏರ್ಪಾಡು ಮಾಡಿದ್ದನು. ಆತನ ಸಮಾಧಿಯಿರುವ ವಿಂಚೆಸ್ಟರಿನ ದೊಡ್ಡ ಇಗರ್ಜಿಯಲ್ಲಿ 1914ರಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳ ಗಾಳಗಾರರು ಹಣ ಕೂಡಿಸಿ ಬಣ್ಣದ ಗಾಜಿನ ಕಿಟಕಿಯನ್ನು ಇಡಿಸಿದರು.

ಅದಕ್ಕೂ ಮಿಗಿಲಾದ ಸ್ಮಾರಕವು ಅಮೆರಿಕದಲ್ಲಿ ಎದ್ದಿತು. 1922ರಲ್ಲಿ ಷಿಕಾಗೋ ನಗರದಲ್ಲಿ 54 ಮಂದಿ ಸೇರಿ ಐಸಾಕ್ ವಾಲ್ಟನ್ ಲೀಗ್ ಎಂಬ ಸಂಘವನ್ನು ಸ್ಥಾಪಿಸಿದರು. ಕಾರ್ಖಾನೆಗಳ ಕೊಳೆಯಿಂದ ಹೊಳೆಗಳು ಕೆಡುತ್ತಿದ್ದುವು. ಜವುಗು ನೆಲಗಳನ್ನು ಬಸಿದು ಹೊಲ ಮಾಡುವ ಹಂಚಿಕೆಯೂ ನಡೆದಿದ್ದಿತು. ಮಿಸಿಸಿಪಿ ನದಿಯ ಮೇಲಣ ಭಾಗದ ತಗ್ಗು ನೆಲವನ್ನು ಹೀಗೆ ಒಣಗಿಸುವ ಯೋಜನೆಯು 1923ರಲ್ಲಿ ಬಂದಾಗ, ವಿಲ್ ಡಿಲ್ಗ್ ಎಂಬಾತನ ಮುಂದಾಳುತನದಲ್ಲಿ ಈ ಸಂಘವು ದೇಶವನ್ನೇ ಎಬ್ಬಿಸಿತು. 1924ನೆಯ ಜೂನ್ ತಿಂಗಳಿನಲ್ಲಿ ಕಾಂಗ್ರೆಸ್ ಸಭೆಯು ಶಾಸನವನ್ನು ಮಾಡಿ, ಸುಮಾರು 260 ಮೈಲಿ ಉದ್ದದ ಆ ನದೀಪ್ರದೇಶವನ್ನು ಮೀನಿಗೂ ಪಕ್ಷಿಗಳಿಗೂ ಆಶ್ರಯವನ್ನಾಗಿ ಉಳಿಸಿತು. ಅಲ್ಲಿ ಇಂದಿಗೂ ಸಾಮಾನ್ಯ ಜನರು ನಿಯಮಕ್ಕೆ ಒಳಪಟ್ಟು ಗಾಳವನ್ನು ಹಾಕುವರು. ಒಬ್ಬ ಸ್ನೇಹಿತನ ದಾಕ್ಷಿಣ್ಯವು ವಾಲ್ಟನನಿಗೆ ಕೊಟ್ಟದ್ದನ್ನು ಶಾಸನವು ಲಕ್ಷಾಂತರ ಜನರಿಗೆ ಕೊಟ್ಟಿತು.

ಈ ವಿಚಾರವು ನಮ್ಮ ನಾಡಿಗೆ ತೀರ ಹೊರತಾದುದಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸನು ಇಂಡಿಯಾದಲ್ಲಿ ಗಾಳ ಹಾಕುವ ವಿದ್ಯೆಯನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ನೀರಿಗೆ ವಿಷವನ್ನು ಬೆರೆಸಿಯೂ ಸಿಡಿಮದ್ದನ್ನು ಹಾಕಿಯೂ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆಯ ಶಾಸನವು ನಿಷೇಧಿಸಿತು. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯು ನಮ್ಮಲ್ಲಿಯೂ ಉಂಟು. ಬೆಸ್ತರ ಜೀವನೋಪಾಯವು ಮೊದಲನೆಯದು. ಅದಕ್ಕೆ ಎರವಾಗುವ ವಿನೋದವನ್ನು ನಾವು ಎಂದಿಗೂ ಸಮರ್ಥಿಸಲಾರೆವು. ಆದರೆ ರಜೆಯ ದಿನ ಏರಿಯ ಮೇಲೆ ಒಂದು ಕೋಲು, ಒಂದು ದಾರ ಹಿಡಿದು ಕುಳಿತುಕೊಳ್ಳುವ ಗುಮಾಸ್ತನಿಂದಾಗಲಿ ಹುಡುಗನಿಂದಾಗಲಿ ಯಾರ ಅನ್ನಕ್ಕೆ ಕಲ್ಲು ಬೀಳುವುದು? ಗುತ್ತಿಗೆಯ ಕರಾರನ್ನು ಬರೆಯುವ ಅಧಿಕಾರಿಗಳು ಅಂತಹವರಿಗೆ ದಡದ ಒಂದು ಮೂಲೆಯನ್ನು ಬರವಣಿಗೆಯಲ್ಲಿಯೇ ಕಾದಿರಿಸಲಿ. ಅಲ್ಲಿ ಕುಳಿತವರೂ ಮರಿಮೀನನ್ನು ನೀರಿಗೆ ಮರಳಿ ಬಿಡಲಿ.