ಗಂಡನಿಗೆ ಬರೆಯಲು ಕಲಿಸಿದ ಎಲಿಜಾ

ಅಬ್ರಹಾಂ ಲಿಂಕನ್ ನಮಗೆಲ್ಲ ಗೊತ್ತು. ಅವರ ನಂತರ ಅಮೆರಿಕದ ಅಧ್ಯಕ್ಷರಾದ ಆಂಡ್ರೂ ಜಾನ್ಸನ್ ಒಂದು ದಿನವೂ ಶಾಲೆಗೆ ಹೋದವರಲ್ಲ, ಗೊತ್ತೇನು? ನಾನು ಬರೆಯುತ್ತಿರುವುದು ಅವರ ಹೆಂಡತಿ ಎಲಿಜಾ ಬಗ್ಗೆ.

ಎಲಿಜಾ ಹುಟ್ಟಿದ್ದು 1810ರಲ್ಲಿ, ಟೆನೆಸ್ಸಿ ರಾಜ್ಯದಲ್ಲಿ. ತಂದೆ ಜೋಡು ಹೊಲಿಯುತ್ತಿದ್ದರು. 1827ರಲ್ಲಿ, 16ನೇ ವಯಸ್ಸಿಗೇ, ಗ್ರೀನ್‌ವಿಲ್ ಊರಿನ ದರ್ಜಿ ಆಂಡ್ರೂ ಜೊತೆ ಮದುವೆಯಾಯಿತು. ಆತನಿಗೆ ಅಲ್ಪಸ್ವಲ್ಪ ಓದಲು ಬರುತ್ತಿತ್ತು, ಅಷ್ಟೇ. ಬರವಣಿಗೆ, ಲೆಕ್ಕ ಎಲ್ಲಾ ಹೇಳಿಕೊಟ್ಟವಳು ಎಲಿಜಾ. ಆತ ಬಟ್ಟೆ ಹೊಲಿಯುತ್ತಿದ್ದರೆ ಈಕೆ ಪಕ್ಕದಲ್ಲಿ ಕೂತು ಪುಸ್ತಕ ಓದಿ ಹೇಳುತ್ತಿದ್ದಳಂತೆ. ನನಗೂ ಮಗ್ಗಿ ಬಂದದ್ದು ನಮ್ಮಕ್ಕ ರೊಟ್ಟಿ ತಟ್ಟುತ್ತಾ ಬಾಯಿಪಾಠ ಮಾಡಿಸಿದ್ದರಿಂದಲೇ!

ಐದು ಮಕ್ಕಳಾದವು. ಆಮೇಲೆ ಕ್ಷಯರೋಗ ಹಿಡಿಯಿತು. 1865ರಲ್ಲಿ ಲಿಂಕನ್ ಕೊಲೆಯಾಗಿ ಗಂಡ ಅಧ್ಯಕ್ಷನಾದಾಗ ಎಲಿಜಾ ಶ್ವೇತಭವನದ ಮಹಡಿಯ ಕೋಣೆಯಲ್ಲೇ ಇರುತ್ತಿದ್ದಳು. ಬಂದವರನ್ನು ನೋಡಿಕೊಂಡದ್ದು ಮಗಳು ಮಾರ್ಥಾ.

ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರಿಗೆ ನಾಗರಿಕ ಹಕ್ಕು ಕೊಡುವ ಮಸೂದೆಗೆ 1866ರಲ್ಲಿ ಜಾನ್ಸನ್ ಒಪ್ಪಲಿಲ್ಲ. ಎಲಿಜಾ ತಿದ್ದಿಸಿದ ಕೈ ಇಂಥಾ ಕೆಲಸ ಮಾಡಿತಲ್ಲಾ ಅಂತ ನನಗೆ ಬಹಳ ಬೇಜಾರಾಯಿತು. 1868ರಲ್ಲಿ ಆತನನ್ನು ಪದವಿಯಿಂದ ಇಳಿಸಲು ವಿಚಾರಣೆ ನಡೆದು, ಒಂದೇ ಒಂದು ಮತದಿಂದ ಉಳಿದುಕೊಂಡ.

1875ರ ಜುಲೈನಲ್ಲಿ ಜಾನ್ಸನ್ ತೀರಿಕೊಂಡರು. ಆರು ತಿಂಗಳೂ ತುಂಬಿರಲಿಲ್ಲ, 1876ರ ಜನವರಿಯಲ್ಲಿ ಎಲಿಜಾ ಕೂಡ ಹೋದಳು. ಗ್ರೀನ್‌ವಿಲ್‌ನ ಗುಡ್ಡದ ಮೇಲೆ ಇಬ್ಬರ ಸಮಾಧಿಯೂ ಇದೆ.